ಅಕ್ಕ ಆರಿಸಿದ ಟಯರು

ನಮ್ಮ ಅಂಗಳದ ತೆಂಕು ಮೂಲೆಯಲ್ಲಿ ನಾಲ್ಕು ದೊಡ್ಡ ಟಯರುಗಳು ಬಿದ್ದಿವೆ. ಒಂದರೊಳಗೆ ಬಸಳೆ ಬೆಳೆದಿದೆ. ಇನ್ನೊಂದರಲ್ಲಿ ಪಕ್ಕದ ಮನೆಯ ಹೇಂಟೆ ಬಂದು ಕೂರುತ್ತದೆ, ಮೊಟ್ಟೆ ಮಾತ್ರ ಅದರ ಮನೆಯಲ್ಲೇ ಇಡುತ್ತದೆ. ಉಳಿದ ಎರಡರಲ್ಲಿ ಮಳೆಗಾಲಕ್ಕೆ ನೀರು ನಿಂತು ಸೊಳ್ಳೆಯಾಗುತ್ತದೆಂದು ಆಶಾ ಕಾರ್ಯಕರ್ತೆ ಬಂದಾಗಲೆಲ್ಲ ನನ್ನನ್ನು ಗದರಿಸಿ ಹೋಗುತ್ತಾರೆ. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ನಿವೃತ್ತ ಹೆಡ್‌ಮಾಷ್ಟ್ರು ನಾನು, ಕೈಕಟ್ಟಿ ನಿಂತು ಕೇಳುತ್ತೇನೆ. ಕೊನೆಗೆ ಡ್ರಿಲ್ ತಂದು ಅಡಿಯಲ್ಲಿ ತೂತು ಕೊರೆದೆ. ಗುಜರಿಯವನಿಗೆ ಕೊಡಲು ಮಾತ್ರ ಮನಸ್ಸಾಗಲಿಲ್ಲ.

ಮನೆಗೆ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಇಷ್ಟು ಹೊಸ ಟಯರನ್ನು ಯಾಕೆ ತೆಗೆದಿರಿ? ಅವರು ಕೇಳುವುದು ಸರಿಯೇ. ಆ ಟಯರುಗಳ ಹಲ್ಲುಗಳು ಇನ್ನೂ ಸವೆದಿಲ್ಲ. ಒಂದೊಂದು ಹಲ್ಲೂ ಮಕ್ಕಳ ಮುಷ್ಟಿಯಷ್ಟು ದಪ್ಪ. ಕೆಸರಿನಲ್ಲಿ, ಗುಡ್ಡದಲ್ಲಿ, ತೋಡಿನಲ್ಲಿ ಓಡಲಿಕ್ಕೆಂದೇ ಮಾಡಿದವು. ಅವುಗಳನ್ನು ಹಾಕಿಸಿದ ದಿನ ನಾನು ಜೀಪಿನ ಸುತ್ತ ಎಷ್ಟು ಸಲ ಸುತ್ತು ಹಾಕಿದೆನೆಂದು ನನ್ನ ಹೆಂಡತಿ ಶಶಿ ಈಗಲೂ ಎಲ್ಲರಿಗೆ ಹೇಳುತ್ತಾಳೆ, ಪ್ರತಿ ಸಲ ಒಂದು ಸುತ್ತು ಹೆಚ್ಚಿಸಿ.

ಜೀಪಿನ ಹುಚ್ಚು ನನಗೆ ಐವತ್ತಾರರ ನಂತರ ಬಂದದ್ದು. ನಮ್ಮ ಕೇರಳದಲ್ಲಿ ಸರಕಾರಿ ಮಾಷ್ಟ್ರಿಗೆ ಐವತ್ತಾರಕ್ಕೆ ನಿವೃತ್ತಿ. ಗಂಟಲೂ ಕಾಲೂ ಗಟ್ಟಿಯಿರುವಾಗಲೇ ಶಾಲು ಹೊದಿಸಿ, ಗೋಡೆ ಗಡಿಯಾರ ಕೈಗಿತ್ತು ಮನೆಗೆ ಕಳುಹಿಸುತ್ತಾರೆ. ಗಡಿಯಾರ ನೋಡಿಕೊಂಡು ಕೂರಲು ಆಗದೆ ನಾನು ಹಳೆಯ ಜೀಪೊಂದನ್ನು ಕೊಂಡೆ. ನಿಜ ಹೇಳಬೇಕೆಂದರೆ ಹುಚ್ಚು ಹಳೆಯದೇ. ನಾನು ಸಣ್ಣವನಿರುವಾಗ ಕುಂಬ್ಡಾಜೆಯಿಂದ ಬದಿಯಡ್ಕಕ್ಕೆ ಹೋಗಲು ಸರ್ವಿಸ್ ಜೀಪು. ಒಳಗೆ ಹತ್ತು ಹನ್ನೆರಡು ಜನ, ಅವರ ಮಡಿಲಲ್ಲಿ ಮಕ್ಕಳು, ಮಕ್ಕಳ ಮಡಿಲಲ್ಲಿ ಚೀಲ. ನಮ್ಮಂಥ ಹುಡುಗರಿಗೆ ಹಿಂದಿನ ಮೆಟ್ಟಲೇ ಗತಿ, ಅದೇ ಸ್ವರ್ಗವೂ ಹೌದು. ಕಂಬಿ ಹಿಡಿದು ನೇತಾಡಿಕೊಂಡು ಹೋಗಿ ಇಳಿಯುವಾಗ ಚಡ್ಡಿಯ ಹಿಂಭಾಗಕ್ಕೆ ಕೆಂಪು ಕೆಸರಿನ ಚಿತ್ತಾರ. ಆ ಚಡ್ಡಿ ಹೊಲಿದವಳು, ಒಗೆದವಳು, ಕೆಸರು ನೋಡಿ ಬೈದವಳು ಎಲ್ಲ ನನ್ನ ಅಕ್ಕ.

ಅಕ್ಕನ ಹೆಸರು ಗಿರಿಜ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ಆರು, ಅವಳಿಗೆ ಹದಿನೈದು. ಆ ವರ್ಷವೇ ಅವಳು ಶಾಲೆ ಬಿಟ್ಟು ಹೊಲಿಗೆ ಕಲಿತಳು. ಗಿರಾಕಿಗಳು ಬಿಟ್ಟುಹೋದ ತುಂಡು ಬಟ್ಟೆಯಲ್ಲಿ ನನಗೆ ಚಡ್ಡಿ ತಯಾರಾಗುತ್ತಿತ್ತು. ಎಡಗಾಲು ನೀಲಿ, ಬಲಗಾಲು ಬೂದಿ. ಶಾಲೆಯಲ್ಲಿ ನನಗೆ ಎರಡು ಪಾರ್ಟಿಯವನು ಎಂದು ಹೆಸರು ಬಿತ್ತು. ಮದುವೆಯ ಮಾತು ಬಂದಾಗಲೆಲ್ಲ ಅಕ್ಕ ಯಾರದೋ ರವಿಕೆ ಹೊಲಿದು ಕೊಡುವುದು ಬಾಕಿ ಉಂಟೆಂದು ಎದ್ದು ಹೋಗುತ್ತಿದ್ದಳು. ಊರಿನವರಿಗೆ ರವಿಕೆಗಳು ಮುಗಿಯಲಿಲ್ಲ, ಅವಳ ಮದುವೆಯೂ ಆಗಲಿಲ್ಲ. ನಮ್ಮದು ತುಳು ಮಾತಾಡುವ ಮನೆ. ಅಕ್ಕ ನನ್ನನ್ನು ಕರೆಯುವುದು 'ಬಾಲೆ' ಎಂದು, ಅಂದರೆ ಮಗು. ಶಾಲಾ ವಾರ್ಷಿಕೋತ್ಸವದಲ್ಲಿ ಎಲ್ಲರೆದುರು ಹೆಡ್‌ಮಾಷ್ಟ್ರನ್ನು ಹಾಗೆ ಕರೆದು ಅಂಗಿಯ ಗುಂಡಿ ಸರಿಮಾಡಿದವಳು ಅವಳು.

ಜೀಪು ಬಂದ ಮೇಲೆ ನನಗೆ ಬಾಯಾರಿನ ದಾಮುವಿನ ಗೆಳೆತನವಾಯಿತು. ದಾಮು ರಬ್ಬರ್ ತೋಟದ ಜನ, ಅವನ ಜೀಪು ನನ್ನದಕ್ಕಿಂತ ಎರಡು ಗೇಣು ಎತ್ತರ. ಇಂಥವರದ್ದೇ ಒಂದು ಗುಂಪು ಇದೆ. ಮಳೆ ಬಿದ್ದ ಭಾನುವಾರಗಳಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಗಳಿಗೆ ಹೋಗಿ ಬೇಕೆಂದೇ ಕೆಸರಿನಲ್ಲಿ ಹೂತು, ಬೇಕೆಂದೇ ಮೇಲೆ ಬರುವ ಗಂಡಸರು. ಒಮ್ಮೆ ಸ್ಪರ್ಧೆಯಲ್ಲಿ ನನಗೆ ಮೂರನೆಯ ಬಹುಮಾನ ಬಂತು. ಕಪ್ಪನ್ನು ಟಿ.ವಿ.ಯ ಮೇಲೆ ಇಟ್ಟೆ. ಅವತ್ತು ಇದ್ದದ್ದೇ ಮೂರು ಜೀಪು ಎಂಬುದನ್ನು ಶಶಿ ಬಂದವರಿಗೆ ಕಾಫಿಯೊಟ್ಟಿಗೆ ಹೇಳಿಬಿಡುತ್ತಾಳೆ. ಮುಷ್ಟಿಗಾತ್ರದ ಹಲ್ಲಿನ ಆ ಟಯರುಗಳನ್ನು ನಾನು ಹಾಕಿಸಿದ್ದು ಎರಡನೆಯ ಬಹುಮಾನದ ಆಸೆಯಿಂದ.

ಅದೇ ವರ್ಷ ಅಕ್ಕನ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಅವಳು ಅದನ್ನು ಎಷ್ಟು ತಿಂಗಳು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳೋ ಗೊತ್ತಿಲ್ಲ. ಮಂಗಳೂರಿನಲ್ಲಿ ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಇಪ್ಪತ್ತೈದು ದಿನ ರೇಡಿಯೇಷನ್ ಕೊಡಬೇಕು, ಶನಿವಾರ ಭಾನುವಾರ ಬಿಟ್ಟು ದಿನಾ ಬರಬೇಕು ಎಂದರು ಡಾಕ್ಟರು. ಅಲ್ಲೇ ಮನೆ ಮಾಡಿ ಇರುವ ಮಾತು ಬಂತು. ಅಕ್ಕ ಒಪ್ಪಲಿಲ್ಲ. ಸಂಜೆಗೆ ತನ್ನ ಚಾಪೆಯೇ ಬೇಕು ಎಂದಳು. ಶಶಿಗೆ ಅಂಗನವಾಡಿ ಇರುವುದರಿಂದ ದಿನಾ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು.

ಮೊದಲ ದಿನ ಬಾಡಿಗೆ ಕಾರು ಹೇಳಿದೆವು. ಪಂಚಾಯತು ರಸ್ತೆಯಿಂದ ನಮ್ಮ ಮನೆಗೆ ನಾನೂರು ಮೀಟರಿನ ಗುಡ್ಡೆದಾರಿ. ಬರೀ ಕೆಂಪು ಮಣ್ಣು, ಅದೂ ಜೂನ್ ತಿಂಗಳು. ಸಂಜೆ ಹಿಂದೆ ಬರುವಾಗ ಕಾರು ಅರ್ಧಕ್ಕೆ ಬಂದು ಹೊಟ್ಟೆ ತಾಗಿಸಿಕೊಂಡು ನಿಂತಿತು. ಡ್ರೈವರ್ ಇನ್ನು ಬರುವುದಿಲ್ಲ ಎಂದು ವಿನಯದಿಂದಲೇ ಹೇಳಿ ಹೋದ. ನನಗೆ ಒಳಗೊಳಗೆ ಖುಷಿಯಾಯಿತು ಎಂದು ಈಗ ಒಪ್ಪಿಕೊಳ್ಳಬೇಕು. ನನ್ನ ಜೀಪಿಗೆ, ನನ್ನ ಟಯರಿಗೆ ಕೊನೆಗೂ ಘನವಾದ ಒಂದು ಕೆಲಸ ಸಿಕ್ಕಿತ್ತು. ಮರುದಿನ ಅಕ್ಕನನ್ನು ಕೂರಿಸಿಕೊಂಡು ಆ ಕೆಸರು ಗುಡ್ಡೆಯನ್ನು ಹಲ್ಲಿ ಗೋಡೆ ಹತ್ತಿದ ಹಾಗೆ ಹತ್ತಿಸಿದೆ. ನೋಡಿದೆಯಾ ಎಂದು ಕೇಳಿದೆ. ಒಳ್ಳೆದುಂಟು ಎಂದಳು.

ಆದರೆ ದಿನದ ನೂರು ಕಿಲೋಮೀಟರಿನಲ್ಲಿ ಗುಡ್ಡೆಯ ಪಾಲು ಒಂದು ಕಿಲೋಮೀಟರ್ ಕೂಡ ಇಲ್ಲ. ಉಳಿದದ್ದೆಲ್ಲ ಡಾಮರು, ಕುಂಬಳೆಯಿಂದ ಆಚೆಗೆ ಹೊಸ ಹೆದ್ದಾರಿ. ಕೆಸರಿನಲ್ಲಿ ಕಚ್ಚಿ ಹಿಡಿಯುವ ಹಲ್ಲುಗಳಿಗೆ ಡಾಮರಿನ ಮೇಲೆ ಕಚ್ಚಲು ಏನೂ ಸಿಗುವುದಿಲ್ಲ. ಒಂದೊಂದು ಹಲ್ಲೂ ರಸ್ತೆಯನ್ನು ಬಡಿಯುತ್ತದೆ, ಬಡಿದದ್ದು ಸೀಟಿಗೆ ಬರುತ್ತದೆ, ಸೀಟಿನಿಂದ ಬೆನ್ನಿಗೆ. ರಸ್ತೆ ನಯವಾದಷ್ಟೂ ಸದ್ದು ಜಾಸ್ತಿ. ಉಪ್ಪಳ ದಾಟುವಷ್ಟರಲ್ಲಿ ಅಕ್ಕಿ ಮಿಲ್ಲಿನೊಳಗೆ ಕೂತ ಹಾಗೆ. ನನಗೆ ಅದು ಸಂಗೀತ. ಅಕ್ಕನಿಗೆ ಹೇಗುಂಟು ಎಂದು ದಿನಾ ಕೇಳುತ್ತಿದ್ದೆ. ಹಾಯಾಗಿ ಉಂಟು ಎಂದು ಅವಳು ದಿನಾ ಹೇಳುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಬಂತಲ್ಲ ಎಂದು ನಾನು ನಂಬುತ್ತಿದ್ದೆ.

ಏಳನೆಯ ದಿನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವಳು ಚಾ ಗ್ಲಾಸನ್ನು ಸೆರಗಿನ ತುದಿಯಲ್ಲಿ ಹಿಡಿದು ಎತ್ತುವುದನ್ನು ಕಂಡೆ. ಚಾ ಅಷ್ಟು ಬಿಸಿ ಇರಲಿಲ್ಲ. ಕೈ ತೋರಿಸು ಎಂದೆ. ತೋರಿಸಲಿಲ್ಲ. ಹಿಡಿದು ಬಿಡಿಸಿ ನೋಡಿದರೆ ಬಲ ಅಂಗೈಯಲ್ಲಿ ಉದ್ದಕ್ಕೆ ಬೊಕ್ಕೆಗಳು. ಎರಡು ಒಡೆದು ಕೆಂಪಾಗಿದ್ದವು.

"ಇದು ಎಂತ ಅಕ್ಕಾ?"

"ಕತ್ತರಿ ಹಿಡಿದು ಆದದ್ದು."

ಅವಳು ಕತ್ತರಿ ಮುಟ್ಟದೆ ಎರಡೂವರೆ ತಿಂಗಳಾಗಿತ್ತು. ಹಿಂದೆ ಬರುವಾಗ ರಸ್ತೆಯ ಜೊತೆಗೆ ಅವಳನ್ನೂ ನೋಡುತ್ತ ಬಂದೆ. ಅವಳು ಎದುರಿನ ಕಬ್ಬಿಣದ ಹಿಡಿಯನ್ನು ಬಲಗೈಯಲ್ಲಿ ಹಿಡಿದು, ಸೀಟಿನಿಂದ ಒಂದು ಬೆರಳಿನಷ್ಟು ಮೇಲೆದ್ದು ಕೂತಿದ್ದಳು. ಎಡಗೈ ಎದೆಯ ಹೊಲಿಗೆಯ ಮೇಲೆ ಒತ್ತಿಕೊಂಡಿತ್ತು. ಸೇತುವೆಯ ಸಂದು ಬಂದಾಗಲೆಲ್ಲ ತುಟಿ ಒಳಗೆ ಹೋಗುತ್ತಿತ್ತು. ಆರು ದಿನ, ಹೋಗುವಾಗ ಬರುವಾಗ ಅವಳು ಹಾಗೆಯೇ ಕೂತಿರಬೇಕು. ನಾನು ಪಕ್ಕದಲ್ಲೇ ಕೂತು ಜೀಪಿನ ಗೇರಿನ ವಿಷಯ ಮಾತಾಡುತ್ತಿದ್ದೆ. ವೇಗವನ್ನು ಮೂವತ್ತಕ್ಕೆ ಇಳಿಸಿದೆ. ಹಿಂದಿನ ಲಾರಿಗಳೆಲ್ಲ ಹಾರ್ನ್ ಹೊಡೆದವು. ಬೇಗ ಹೋಗು ಬಾಲೆ, ಅವರಿಗೂ ಮನೆಗೆ ಹೋಗಬೇಕಲ್ಲ ಎಂದಳು ಅಕ್ಕ.

ಆ ರಾತ್ರಿ ದಾಮುವಿಗೆ ಫೋನ್ ಮಾಡಿದೆ. ಹೈವೇ ಟಯರ್ ಹಾಕಿಸುತ್ತೇನೆ ಎಂದದ್ದಕ್ಕೆ ಅವನು ಬಹಳ ಮೆತ್ತಗೆ, ಬೇಡ ಎಂದ. ಜೀಪಿನ ಮರ್ಯಾದೆಯ ಪ್ರಶ್ನೆ ಮಾತ್ರ ಅಲ್ಲ, ನಿಮ್ಮ ಗುಡ್ಡೆಯನ್ನು ಆ ನುಣ್ಣನೆಯ ಟಯರು ಮಳೆಗಾಲದಲ್ಲಿ ಹತ್ತುವುದೇ ಇಲ್ಲ, ಕಾಯಿಲೆಯವರನ್ನು ಕೆಳಗೆ ಇಳಿಸಿ ಎಂತ ಮಾಡುತ್ತೀರಿ ಎಂದು ಕೇಳಿದ. ಬೇಕಾದರೆ ಎರಡಕ್ಕೂ ಆಗುವ ನಡುವಿನ ಟಯರು ಉಂಟು, ಅದನ್ನು ಹಾಕಿಸಿ ಎಂದ. ನನಗೂ ಅದೇ ಸರಿ ಅನ್ನಿಸಿತು. ಸ್ವಲ್ಪ ಮರ್ಯಾದೆ, ಸ್ವಲ್ಪ ಸುಖ.

ಶನಿವಾರ ಮೊಗ್ರಾಲಿಗೆ ಹೊರಟೆ. ಅಲ್ಲಿ ಹೆದ್ದಾರಿ ಬದಿಯಲ್ಲಿ ಮೊಯ್ದುಚ್ಚನ ಟಯರ್ ಅಂಗಡಿ. ಗಲ್ಫಿನಲ್ಲಿ ಬಹಳ ವರ್ಷ ಮರಳುಗಾಡಿನ ಗಾಡಿಗಳಿಗೆ ಟಯರ್ ಹಾಕಿ ಬಂದವರು ಅವರು. ಅಕ್ಕ ತಾನೂ ಬರುತ್ತೇನೆ ಎಂದು ಸೀರೆ ಬದಲಿಸಿ ನಿಂತಳು. ರಜೆಯ ದಿನವಾದರೂ ವಿಶ್ರಾಂತಿ ತೆಗೆದುಕೋ ಎಂದೆ. ಕೂರುವವಳು ನಾನಲ್ಲವಾ, ಅಳತೆ ಕೊಡದೆ ರವಿಕೆ ಹೊಲಿಯಲಿಕ್ಕೆ ಆಗುತ್ತದಾ ಎಂದು ಕೇಳಿದಳು.

ನಾನು ಮೊಯ್ದುಚ್ಚನ ಎದುರು ದೊಡ್ಡ ಭಾಷಣ ಮಾಡಿದೆ. ಗುಡ್ಡೆ ಎಷ್ಟು ಕಡಿದು, ಮಣ್ಣು ಎಂಥದ್ದು, ಹೆದ್ದಾರಿ ಎಷ್ಟು ದೂರ, ದಾಮು ಏನು ಹೇಳಿದ, ಎಲ್ಲ. ಅವರು ಪೂರ್ತಿ ಕೇಳಿದರು. ಆಮೇಲೆ ಜೀಪಿನಲ್ಲಿ ಕೂತಿದ್ದ ಅಕ್ಕನ ಕಡೆಗೆ ನೋಡಿದರು.

"ಗಾಡಿ ಎಲ್ಲಿ ಓಡುತ್ತದೆ ಅಂತ ಎಲ್ಲರೂ ಹೇಳ್ತಾರೆ ಮಾಷ್ಟ್ರೆ. ಒಳಗೆ ಕೂರುವುದು ಯಾರು ಅಂತ ಯಾರೂ ಹೇಳುವುದಿಲ್ಲ."

ನಾನು ಹೇಳಿದೆ. ಅವರು ಮತ್ತೆ ಏನೂ ಕೇಳದೆ ಒಂದು ಸ್ಟೂಲು ತಂದು ಜೀಪಿನ ಬಾಗಿಲ ಬಳಿ ಇಟ್ಟು, ಅಕ್ಕನಿಗೆ ಇಳಿಯಲು ಮೆಟ್ಟಲು ಮಾಡಿಕೊಟ್ಟರು. ಒಂದೂವರೆ ವಾರದಿಂದ ಅವಳನ್ನು ಹತ್ತಿಸಿ ಇಳಿಸುತ್ತಿದ್ದ ನನಗೆ ಒಂದು ಸ್ಟೂಲು ಹೊಳೆದಿರಲಿಲ್ಲ.

ಮೂರು ನಮೂನೆಯ ಟಯರುಗಳನ್ನು ಅವರು ಅಂಗಡಿಯ ಎದುರು ಸಾಲಾಗಿ ನಿಲ್ಲಿಸಿದರು. ಮೊದಲನೆಯದು ನನ್ನ ಜೀಪಿನಲ್ಲಿದ್ದಂಥದ್ದೇ. ಎರಡನೆಯದು ದಾಮು ಹೇಳಿದ ನಡುವಿನದ್ದು. ಮೂರನೆಯದು ಹೈವೇಯದ್ದು. ಅದರ ಮೈಯಲ್ಲಿ ಹಲ್ಲಿಲ್ಲ, ಉದ್ದಕ್ಕೆ ನಾಲ್ಕು ಗೀರು, ಅಡ್ಡಕ್ಕೆ ಸಣ್ಣ ಸಣ್ಣ ಕೊರೆತ. ನೋಡಲು ಬ್ಯಾಂಕಿನ ಮ್ಯಾನೇಜರನ ತಲೆಯ ಹಾಗೆ ನೀಟು. ಹೈವೇ ಟಯರಿನ ಕೊರೆತಗಳು ಒಂದರ ಹತ್ತಿರ ಒಂದು ಇರುವುದರಿಂದ ಅದು ರಸ್ತೆಗೆ ಬಡಿಯದೆ ಉರುಳುತ್ತದೆ, ಬದಿಯ ರಬ್ಬರು ಮೆತ್ತಗೆ ಇರುವುದರಿಂದ ಹೊಂಡದ ಏಟನ್ನು ತಾನೇ ಸ್ವಲ್ಪ ತಿನ್ನುತ್ತದೆ ಎಂದು ಮೊಯ್ದುಚ್ಚ ವಿವರಿಸಿದರು. ನಾನು ಗಾಳಿಯನ್ನು ಕಲ್ಲಿನ ಹಾಗೆ ತುಂಬಿಸಿಕೊಂಡಿದ್ದೇನೆಂದು ಸಣ್ಣಗೆ ಬೈದದ್ದೂ ಉಂಟು. ವಿವರಣೆ ನಡೆಯುತ್ತಿರುವಾಗಲೇ ಅಕ್ಕ ಮೂರಕ್ಕೂ ಕೈ ಸವರಿದಳು. ಜವುಳಿ ಅಂಗಡಿಯಲ್ಲಿ ಥಾನಿನ ಮೇಲೆ ಸವರುತ್ತಾಳಲ್ಲ, ಹಾಗೆಯೇ. ಬದಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಮೂರನೆಯದರ ಹತ್ತಿರ ನಿಂತು, ಇದು ಒಳ್ಳೆ ನೇಯ್ಗೆ ಎಂದಳು.

ಮೊಯ್ದುಚ್ಚ ನಕ್ಕುಬಿಟ್ಟರು. ಆದರೆ ವ್ಯಾಪಾರಕ್ಕಾಗಿ ಸುಳ್ಳು ಹೇಳುವ ಮನುಷ್ಯ ಅವರಲ್ಲ. ನೋಡಿ ಅಕ್ಕ, ಇದು ಕೆಸರಿನಲ್ಲಿ ಜಾರುತ್ತದೆ, ನಿಮ್ಮ ಗುಡ್ಡೆ ಹತ್ತುತ್ತದೆಂದು ನಾನು ಹೇಳುವುದಿಲ್ಲ ಎಂದರು. ನಾನು ತಕ್ಷಣ ಎರಡನೆಯದರ ಪರವಾಗಿ ಬಾಯಿ ತೆರೆದೆ.

"ಬಾಲೆ, ಗುಡ್ಡೆ ನಾನು ನಡೆದು ಹತ್ತುತ್ತೇನೆ," ಎಂದಳು ಅಕ್ಕ. "ಮಂಗಳೂರಿಗೆ ನಡೆದು ಹೋಗಲಿಕ್ಕೆ ಆಗುವುದಿಲ್ಲ."

ಇಷ್ಟು ದಿನಗಳಲ್ಲಿ ತನಗೆ ಕಷ್ಟವಾಗುತ್ತದೆ ಎಂದು ಅವಳು ಒಪ್ಪಿಕೊಂಡದ್ದು ಅದೇ ಮೊದಲು. ನಾನು ಬಾಯಿ ಮುಚ್ಚಿದೆ. ನಾಲ್ಕೂ ಹೈವೇ ಟಯರು ಬಿತ್ತು. ಬಿಚ್ಚಿದ ಟಯರುಗಳನ್ನು ಮೊಯ್ದುಚ್ಚ ಜೀಪಿನ ಹಿಂದೆ ಹಾಕಿ, ಇವಕ್ಕೆ ಬೇಸರ ಮಾಡಬೇಡಿ ಮಾಷ್ಟ್ರೆ, ಇವು ಬೇರೆ ಕೆಲಸಕ್ಕೆ ಹುಟ್ಟಿದವು ಎಂದರು.

ಹಿಂದೆ ಬರುವಾಗ ಜೀಪಿನೊಳಗೆ ಮಾತು ಕೇಳಿಸುತ್ತಿತ್ತು. ಎಷ್ಟೋ ತಿಂಗಳಿಂದ ಬಡಬಡ ಎನ್ನುತ್ತಿದ್ದ ಒಂದು ತಗಡು ಕೂಡ ಕೇಳಿಸತೊಡಗಿತು. ಸೀತಾಂಗೋಳಿ ದಾಟುವಾಗ ಅಕ್ಕ ಹಿಡಿಯನ್ನು ಬಿಟ್ಟು ಕೈಯನ್ನು ಮಡಿಲಿನ ಮೇಲೆ ಇಟ್ಟುಕೊಂಡದ್ದನ್ನು ನಾನು ನೋಡದವನಂತೆ ನೋಡಿದೆ.

ಗುಡ್ಡೆಯ ಬುಡಕ್ಕೆ ಬರುವಾಗ ಮಳೆ ಹಿಡಿಯಿತು. ಒಂದು ಕೈ ನೋಡಿಯೇ ಬಿಡುವ ಎಂದು ಏರಿಸಿದೆ. ಅರ್ಧದಲ್ಲಿ ಹಿಂದಿನ ಚಕ್ರಗಳು ಸುಮ್ಮನೆ ತಿರುಗಿದವು. ಜೀಪು ಬಹಳ ಮರ್ಯಾದೆಯಿಂದ ಹಿಂದಕ್ಕೆ ಜಾರಿ ಬದಿಯ ಮಣ್ಣಿನ ಬರೆಗೆ ಒರಗಿ ನಿಂತಿತು. ಬಾಡಿಗೆ ಕಾರು ನಿಂತ ಜಾಗಕ್ಕಿಂತ ಹತ್ತಡಿ ಕೆಳಗೆ! ಅಕ್ಕ ಕೊಡೆ ಬಿಡಿಸಿ ಇಳಿದಳು. ನನ್ನ ಹೆಗಲು ಹಿಡಿದು ನಡೆದಳು. ಏಳು ಕಡೆ ನಿಂತಳು. ನಿಂತಲ್ಲೆಲ್ಲ ದಣಿವಿಗೆ ನಿಂತದ್ದಲ್ಲ ಎಂದು ತೋರಿಸಲು ಏನಾದರೂ ಮಾತು ತೆಗೆದಳು. ಈ ಕುಂಟಲಮರಕ್ಕೆ ಎಷ್ಟು ವರ್ಷವಾಯಿತು, ಆ ಮನೆಯ ಸೊಸೆ ಯಾವಾಗ ಹೆರುತ್ತಾಳೆ, ಹೀಗೆ. ಮನೆಗೆ ಮುಟ್ಟಿದ ಮೇಲೆ, ಸೋಮವಾರದ ಮೊದಲು ಹಳೆಯ ಟಯರನ್ನೇ ಹಾಕಿಸುತ್ತೇನೆ ಎಂದೆ. ಹಾಕಿಸಿದರೆ ನಾನು ಬಸ್ಸಿನಲ್ಲಿ ಹೋಗುತ್ತೇನೆ ಎಂದಳು. ಹೇಳಿದ್ದನ್ನು ಮಾಡುವವಳು ಅವಳು.

ಹಾಗೆ ಜೀಪು ಗುಡ್ಡೆಯ ಬುಡದಲ್ಲೇ ಉಳಿಯಿತು. ಬೆಳಿಗ್ಗೆ ನಡೆದು ಇಳಿಯುವುದು, ಸಂಜೆ ನಡೆದು ಹತ್ತುವುದು. ಮೂರನೆಯ ವಾರಕ್ಕೆ ಚಿಕಿತ್ಸೆಯ ಸುಸ್ತು ಹೆಚ್ಚಾಯಿತು. ಏಳು ನಿಲುಗಡೆಗಳು ಹತ್ತಾದವು, ಹನ್ನೆರಡಾದವು. ಮಾತಿಗೆ ವಿಷಯ ಸಾಲದೆ ಅವಳು ಕೆಲವು ಕಡೆ ಸುಮ್ಮನೆ ನಿಲ್ಲತೊಡಗಿದಳು. ಆ ವಾರ ಫೋನಿನಲ್ಲಿ ನಾನು ಇದನ್ನು ದಾಮುವಿಗೆ ಹೇಳಿರಬೇಕು. ಭಾನುವಾರ ಬೆಳಿಗ್ಗೆ ಅವನು ತನ್ನ ಎತ್ತರದ ಜೀಪಿನ ಹಿಂದೆ ಟ್ರೈಲರು ಕಟ್ಟಿ, ಕೋರೆಯ ಕೆಂಪುಕಲ್ಲಿನ ಚೂರು ತುಂಬಿಸಿಕೊಂಡು ಬಂದ. ಹೈವೇ ಟಯರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಮತ್ತು ಅವನು, ಆಮೇಲೆ ಸದ್ದು ಕೇಳಿ ಬಂದ ನೆರೆಮನೆಯವರು, ಚಕ್ರ ಹೋಗುವ ಎರಡು ಸಾಲಿಗೆ ಕಲ್ಲು ಹಾಸಿ ಗುದ್ದಿದೆವು. ಟ್ರೈಲರು ಆರು ಸಲ ಹೋಗಿ ಬಂತು. ಅಕ್ಕ ಜಗಲಿಯಲ್ಲಿ ಕೂತು, ಎಡದ ಸಾಲು ಡೊಂಕಾಯಿತು, ಬಿಚ್ಚಿ ಪುನಃ ಹಾಕಿ ಎಂದು ಹೇಳಿ ಕಳುಹಿಸಿದಳು. ಬಿಚ್ಚಿ ಪುನಃ ಹಾಕಿದೆವು. ಸಂಜೆ ನುಣ್ಣನೆಯ ಟಯರಿನ ನನ್ನ ಜೀಪು ಆ ಎರಡು ಕೆಂಪು ಪಟ್ಟಿಗಳ ಮೇಲೆ ಮನೆಯಂಗಳಕ್ಕೆ ಬಂದು ನಿಂತಿತು. ಕೈ ತೊಳೆಯುತ್ತ ದಾಮು ಶಶಿಗೆ ಹೇಳಿದ್ದು ಇಷ್ಟೇ: ಇನ್ನು ಮಾಷ್ಟ್ರಿಗೆ ಮೂರನೆಯ ಬಹುಮಾನವೂ ಸಿಗಲಿಕ್ಕಿಲ್ಲ.

ಈಗ ಅಕ್ಕ ಮತ್ತೆ ಹೊಲಿಯುತ್ತಾಳೆ. ಎಡಗೈ ಭುಜದಿಂದ ಮೇಲೆ ಹೋಗುವುದಿಲ್ಲ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಿ ಬರುತ್ತೇವೆ, ಇಲ್ಲಿಯವರೆಗೆ ಒಳ್ಳೆಯದೇ ಹೇಳಿದ್ದಾರೆ. ಆದರೆ ಆ ನುಣ್ಣನೆಯ ಟಯರು ಎಂದರೆ ನನಗೆ ನೆನಪಾಗುವುದು ಇಪ್ಪತ್ತಮೂರನೆಯ ದಿನ.

ಅವತ್ತು ಚಿಕಿತ್ಸೆ ಮುಗಿಸಿ ಮಂಗಳೂರು ಬಿಡುವಾಗ ಮಧ್ಯಾಹ್ನ ಮೂರು ಗಂಟೆ. ಮಳೆ ಬಿಟ್ಟಿತ್ತು. ಮಂಜೇಶ್ವರದ ಹತ್ತಿರ ಅಕ್ಕ ಏನೋ ಹೇಳುತ್ತಿದ್ದವಳು ಅರ್ಧದಲ್ಲಿ ನಿಲ್ಲಿಸಿದಳು. ನೋಡಿದರೆ ತಲೆ ಸೀಟಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಆಪರೇಷನ್ ಆದಲ್ಲಿಂದ ಅವಳಿಗೆ ಸರಿಯಾದ ನಿದ್ರೆಯೇ ಇರಲಿಲ್ಲ. ಹೊಲಿಗೆಯ ಕಡೆ ಮಗ್ಗುಲು ಆಗುವುದಿಲ್ಲ, ಅಂಗಾತ ಮಲಗಿ ಅವಳಿಗೆ ಅಭ್ಯಾಸವಿಲ್ಲ. ರಾತ್ರಿಯೆಲ್ಲ ಎದ್ದು ಕೂರುತ್ತಿದ್ದಾಳೆ ಎಂದು ಶಶಿ ಹೇಳುತ್ತಿದ್ದಳು. ಈಗ ಅರುವತ್ತಾರು ವರ್ಷದ ಅಕ್ಕ ಹಗಲು ಹೊತ್ತಿನಲ್ಲಿ, ಓಡುವ ಜೀಪಿನಲ್ಲಿ, ಗೊರಕೆಯನ್ನೂ ಹೊಡೆಯುತ್ತಿದ್ದಳು.

ಕುಂಬಳೆ ಬಂತು. ಅಲ್ಲಿ ಹೆದ್ದಾರಿ ಬಿಟ್ಟು ಇಳಿಯಬೇಕು. ಇಳಿದರೆ ಬದಿಯಡ್ಕದ ರಸ್ತೆ, ತಿರುವುಗಳು, ಹಂಪುಗಳು. ಅವಳಿಗೆ ಎಚ್ಚರವಾಗುವುದು ಖಂಡಿತ. ನಾನು ಇಳಿಯಲಿಲ್ಲ. ನೇರ ಹೋದೆ. ಮೊಗ್ರಾಲ್ ಹೊಳೆಯ ಸೇತುವೆ ದಾಟಿತು, ಕಾಸರಗೋಡು ಪೇಟೆ ಹಿಂದೆ ಬಿತ್ತು. ಚೆರ್ಕಳದಲ್ಲಿ ಎಡಕ್ಕೆ ತಿರುಗಿದರೂ ಬದಿಯಡ್ಕಕ್ಕೆ ದಾರಿ ಉಂಟು, ಸುತ್ತು ಬಳಸಿ. ಅಲ್ಲಿಯವರೆಗೆ ಮಲಗಲಿ ಎಂದುಕೊಂಡೆ. ಬ್ರೇಕು ಒತ್ತಬೇಕಾದಲ್ಲಿ ಗೇರು ಇಳಿಸಿದೆ, ಹಾರ್ನ್ ಹೊಡೆಯಬೇಕಾದಲ್ಲಿ ಕಾದೆ. ನನ್ನ ಆಯುಷ್ಯದಲ್ಲಿ ಅಷ್ಟು ನಾಜೂಕಿನಿಂದ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ.

ಚೆರ್ಕಳಕ್ಕೆ ಸ್ವಲ್ಪ ಮೊದಲು ಅವಳು ಕಣ್ಣು ಬಿಟ್ಟಳು. ಹೊರಗೆ ನೋಡಿದಳು. ಪರಿಚಯವಿಲ್ಲದ ಅಂಗಡಿಗಳು.

"ಇದು ಎಲ್ಲಿ?"

"ದಾರಿ ತಪ್ಪಿತು ಅಕ್ಕಾ," ಎಂದೆ. ಐವತ್ತು ವರ್ಷದಿಂದ ಓಡಾಡಿದ ರಸ್ತೆ.

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಸೆರಗನ್ನು ಎದೆಯ ಮೇಲೆ ಸರಿಮಾಡಿಕೊಂಡಳು.

"ಹಾಗಾದರೆ ಇನ್ನೂ ಸ್ವಲ್ಪ ತಪ್ಪಲಿ ಬಾಲೆ," ಎಂದು ಕಣ್ಣು ಮುಚ್ಚಿದಳು.

ನಾನು ಎಡಕ್ಕೆ ಹಾಕಿದ್ದ ಇಂಡಿಕೇಟರನ್ನು ಆರಿಸಿ ನೇರ ಹೋದೆ.